ಆನಂದನಿಗೆ ಆದ ಸಂತೋಷ: ಪದ ಬದಲಿಸುವಾಗ ಹೆಸರು ಏಕೆ ಉಳಿಯಬೇಕು

“ಆನಂದನಿಗೆ ಸಂತೋಷವಾಯಿತು.” ಎರಡೇ ಪದಗಳ ಈ ವಾಕ್ಯವನ್ನು ಕೊಟ್ಟು, ಅರ್ಥ ಕೆಡದಂತೆ ಬೇರೆ ಪದಗಳಲ್ಲಿ ಬರೆಯಿರಿ ಎಂದರೆ ಕನ್ನಡ ಬಲ್ಲವರು “ಆನಂದನಿಗೆ ಹರ್ಷವಾಯಿತು” ಎಂದೋ “ಆನಂದನಿಗೆ ಖುಷಿಯಾಯಿತು” ಎಂದೋ ಬರೆಯುತ್ತಾರೆ. ನಿಘಂಟನ್ನಷ್ಟೇ ಬಲ್ಲ ಯಂತ್ರವೊಂದು “ಸಂತೋಷನಿಗೆ ಆನಂದವಾಯಿತು” ಎಂದು ಬರೆದರೂ ಬರೆದೀತು. ನಿಘಂಟಿನ ಲೆಕ್ಕದಲ್ಲಿ ಅದರದ್ದು ತಪ್ಪಲ್ಲ, ಏಕೆಂದರೆ ಆನಂದ ಎಂದರೆ ಸಂತೋಷ, ಸಂತೋಷ ಎಂದರೆ ಆನಂದ. ಆದರೆ ಪರೀಕ್ಷೆಯಲ್ಲಿ ತೇರ್ಗಡೆಯಾದವನು ಒಬ್ಬ, ಮನೆಮನೆಗೆ ಪೇಢ ಹಂಚಿದವನು ಮತ್ತೊಬ್ಬ ಎಂಬಂತಾಯಿತು.

ಪದ ಬದಲಿಸುವ ಈ ಕೆಲಸವು ಶಾಲೆಯ ವ್ಯಾಕರಣ ಪಾಠವನ್ನು ದಾಟಿ ಸಾಮಾನ್ಯ ಓದುಗರ ಬಳಿಗೂ ಬಂದಿರುವುದಕ್ಕೆ ಒಂದು ಕಾರಣ, ವಿಶ್ವವಿದ್ಯಾಲಯ ಅನುದಾನ ಆಯೋಗವು 2018ರಲ್ಲಿ ಜಾರಿಗೆ ತಂದ ಕೃತಿಚೌರ್ಯ ತಡೆ ನಿಯಮಗಳು. ಅವುಗಳ ಪ್ರಕಾರ ಸಂಶೋಧನ ಪ್ರಬಂಧವೊಂದು ಬೇರೆ ಬರಹಗಳನ್ನು ಶೇ 10ರವರೆಗೆ ಹೋಲಿದರೆ ದಂಡವಿಲ್ಲ. ಶೇ 10ರಿಂದ 40ರವರೆಗೆ ಒಂದು ಹಂತದ ದಂಡ, 40ರಿಂದ 60ರವರೆಗೆ ಇನ್ನೊಂದು ಹಂತದ್ದು, 60ನ್ನು ಮೀರಿದರೆ ವಿದ್ಯಾರ್ಥಿಯ ನೋಂದಣಿಯೇ ರದ್ದು. ಈ ಅಂಕಿಗೆ ಹೆದರಿದ ವಿದ್ಯಾರ್ಥಿಗಳು ವಾಕ್ಯಗಳನ್ನು ತಿರುಗಿಸಿ ಬರೆದುಕೊಡುವ ತಂತ್ರಾಂಶಗಳ ಮೊರೆಹೋಗುತ್ತಾರೆ. ಇನ್ನೊಬ್ಬರ ವಿಚಾರವನ್ನು ಪದ ಬದಲಿಸಿ ಬರೆದ ಮಾತ್ರಕ್ಕೆ ಅದು ತಮ್ಮದಾಗುವುದಿಲ್ಲ ಎಂಬುದು ಬೇರೆಯೇ ಪ್ರಶ್ನೆ. ಇಲ್ಲಿ ನೋಡಬೇಕಾದದ್ದು, ಅಂಥ ತಂತ್ರಾಂಶಕ್ಕೆ ನೀಡುವ “ಪದಗಳನ್ನು ಬದಲಿಸು, ಹೆಸರುಗಳನ್ನು ಮುಟ್ಟಬೇಡ” ಎಂಬ ಸರಳ ಆಜ್ಞೆ ಕನ್ನಡದಲ್ಲಿ ಎಷ್ಟು ಜಟಿಲವಾಗುತ್ತದೆ ಎಂಬುದನ್ನು.

ತೋರಿಸುವ ಪದ, ವಿವರಿಸುವ ಪದ

ಪ್ರೌಢಶಾಲೆಯ ವ್ಯಾಕರಣ ನೆನಪಿರುವವರಿಗೆ ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂಬ ಮೂರು ಹೆಸರುಗಳು ನೆನಪಿರಬಹುದು. ನದಿ, ಬೆಟ್ಟ, ಊರು, ಹುಡುಗ ಎಂಬಂತೆ ರೂಢಿಯಿಂದ ಬಂದು ಒಂದು ಜಾತಿಯ ಎಲ್ಲಕ್ಕೂ ಸಲ್ಲುವ ಪದ ರೂಢನಾಮ. ಕಾವೇರಿ, ಹಿಮಾಲಯ, ಧಾರವಾಡ, ಆನಂದ ಎಂಬಂತೆ ಒಂದನ್ನು ಉಳಿದವುಗಳಿಂದ ಬೇರ್ಪಡಿಸಿ ಗುರುತಿಸಲು ಇಟ್ಟ ಹೆಸರು ಅಂಕಿತನಾಮ. ವ್ಯಾಪಾರಿ, ವಿದ್ಯಾರ್ಥಿ, ಕುಂಟ ಎಂಬಂತೆ ಕೆಲಸ, ಗುಣ, ಸ್ಥಿತಿಗಳನ್ನು ಅನುಸರಿಸಿ ಬಂದದ್ದು ಅನ್ವರ್ಥನಾಮ.

ಸಮಾನಾರ್ಥಕ ಪದವೆಂದರೆ ಅದೇ ಅರ್ಥವನ್ನು, ಅಥವಾ ಅದಕ್ಕೆ ತೀರ ಹತ್ತಿರದ ಅರ್ಥವನ್ನು, ಕೊಡುವ ಇನ್ನೊಂದು ಪದ. ಹಾಗಾಗಿ ಒಂದು ಪದಕ್ಕೆ ಸಮಾನಾರ್ಥಕ ಇರಬೇಕಾದರೆ ಆ ಪದ ವಾಕ್ಯದಲ್ಲಿ ತನ್ನ ಅರ್ಥದ ಬಲದಿಂದಲೇ ಕೆಲಸ ಮಾಡುತ್ತಿರಬೇಕು. ರೂಢನಾಮ, ಅನ್ವರ್ಥನಾಮಗಳು ಹಾಗೆ ಮಾಡುತ್ತವೆ, ಅಂಕಿತನಾಮ ಮಾಡುವುದಿಲ್ಲ. ಹೊಸಪೇಟೆ ಹದಿನಾರನೆಯ ಶತಮಾನದ ಊರು. ಐನೂರು ವರ್ಷವಾದರೂ ಅದರ ಹೆಸರಿನ ‘ಹೊಸ’ ಹಾಗೆಯೇ ಇದೆ, ಮತ್ತು ಅದನ್ನು ಯಾರೂ ಸುಳ್ಳೆಂದು ಆಕ್ಷೇಪಿಸುವುದಿಲ್ಲ. ಧನಲಕ್ಷ್ಮಿ ಎಂಬ ಹೆಸರಿನವರು ಬಡವರಾಗಿರಬಹುದು. ಹೆಸರಿಟ್ಟ ದಿನ ಅರ್ಥ ನೋಡಿಯೇ ಇಟ್ಟಿರುತ್ತಾರೆ. ಇಟ್ಟಾದ ಮೇಲೆ ಅದು ಬೆರಳು ಚಾಚಿ ತೋರಿಸುವ ಕೆಲಸವನ್ನಷ್ಟೇ ಮಾಡುತ್ತದೆ.

ಮನೆಯ ಬಾಗಿಲಿನ ಸಂಖ್ಯೆಯನ್ನು ಇದಕ್ಕೆ ಹೋಲಿಸಬಹುದು. ಮಾರುಕಟ್ಟೆಯಲ್ಲಿ ಹನ್ನೆರಡು ಬಾಳೆಹಣ್ಣು ಎಂದರೂ ಒಂದು ಡಜನ್ ಬಾಳೆಹಣ್ಣು ಎಂದರೂ ಒಂದೇ. ಆದರೆ 12ನೇ ನಂಬರಿನ ಮನೆಗೆ ಬರೆದ ಕಾಗದದ ಮೇಲೆ ‘ಒಂದು ಡಜನ್ ಮನೆ’ ಎಂದು ವಿಳಾಸ ಹಾಕಿದರೆ ಅಂಚೆಯವನು ಏನು ಮಾಡಬೇಕು?

ಅಂಕಿತ ಎಂಬ ಮಾತಿನ ತೂಕ

ವ್ಯಾಕರಣದ ಅಂಕಿತವೂ ವಚನಗಳ ಅಂಕಿತವೂ ಒಂದೇ ಪದವಾಗಿರುವುದು ಕನ್ನಡಿಗರಿಗೆ ಈ ವಿಷಯವನ್ನು ಸುಲಭ ಮಾಡಿಕೊಡುತ್ತದೆ. ವಚನದ ಕೊನೆಗೆ ಬರುವ ಇಷ್ಟದೈವದ ಹೆಸರು ದೇವರನ್ನು ಸಂಬೋಧಿಸುವುದರ ಜೊತೆಗೆ ಬರೆದವರು ಯಾರು ಎಂಬುದನ್ನೂ ತಿಳಿಸುತ್ತದೆ. ಕೂಡಲಸಂಗಮದೇವ ಎಂದಿದ್ದರೆ ಬಸವಣ್ಣ, ಗುಹೇಶ್ವರ ಎಂದಿದ್ದರೆ ಅಲ್ಲಮಪ್ರಭು, ಚೆನ್ನಮಲ್ಲಿಕಾರ್ಜುನ ಎಂದಿದ್ದರೆ ಅಕ್ಕಮಹಾದೇವಿ. ಗುಹೆ ಎಂದರೆ ಗವಿ, ಈಶ್ವರ ಎಂದರೆ ಒಡೆಯ ಎಂದುಕೊಂಡು ‘ಗವಿಯೊಡೆಯ’ ಎಂದು ತಿದ್ದಿದರೆ ಅರ್ಥಕ್ಕೇನೂ ಊನವಾಗದು; ವಚನ ಮಾತ್ರ ಅಲ್ಲಮನ ಕೈತಪ್ಪಿ ಹೋಗುತ್ತದೆ.

ಇದು ಬರಿಯ ಊಹೆಯ ಮಾತಲ್ಲ. ಮಾತೆ ಮಹಾದೇವಿಯವರು ಸಂಪಾದಿಸಿದ ‘ಬಸವ ವಚನ ದೀಪ್ತಿ’ಯಲ್ಲಿ ಬಸವಣ್ಣನವರ ವಚನಗಳ ಅಂಕಿತವನ್ನು ‘ಕೂಡಲಸಂಗಮದೇವ’ ಎಂಬುದರ ಬದಲು ‘ಲಿಂಗದೇವ’ ಎಂದು ಅಚ್ಚುಮಾಡಲಾಗಿತ್ತು. ಅದಕ್ಕೆ ತಮ್ಮದೇ ಧಾರ್ಮಿಕ ಕಾರಣಗಳನ್ನು ಅವರು ಮುಂದಿಟ್ಟಿದ್ದರು. ರಾಜ್ಯ ಸರ್ಕಾರ 1998ರಲ್ಲಿ ಆ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. 2017ರಲ್ಲಿ ಸುಪ್ರೀಂ ಕೋರ್ಟ್ ಆ ಕ್ರಮವನ್ನು ಎತ್ತಿಹಿಡಿಯಿತು. ಎರಡೂ ಹೆಸರುಗಳು ಭಕ್ತರ ಪಾಲಿಗೆ ಒಂದೇ ದೈವವನ್ನು ಸೂಚಿಸುತ್ತವೆ ಎಂದು ವಾದಿಸಬಹುದು. ವ್ಯಾಜ್ಯಕ್ಕೆ ಕಾರಣವಾದದ್ದು ಅಂಕಿತ ಏನನ್ನು ಹೇಳುತ್ತದೆ ಎಂಬುದಕ್ಕಿಂತ ಹೆಚ್ಚಾಗಿ ಅದು ಯಾರ ಗುರುತು ಎಂಬುದು.

ಹಿಂದಿನವರು ಹೆಸರನ್ನೂ ತಿರುಗಿಸಿದ್ದರು

ಹಾಗೆಂದು ಹೆಸರನ್ನು ಬದಲಿಸಬಾರದೆಂಬ ಕಟ್ಟು ಎಲ್ಲ ಕಾಲಕ್ಕೂ ಇತ್ತೆಂದು ತಿಳಿಯಬೇಕಿಲ್ಲ. ಶ್ರವಣಬೆಳಗೊಳದ ‘ಬೆಳಗೊಳ’ ಎಂದರೆ ಬಿಳಿಯ ಕೊಳ. ಶಾಸನಗಳನ್ನು ರಚಿಸಿದ ಪಂಡಿತರು ಅದನ್ನು ಸಂಸ್ಕೃತಕ್ಕೆ ತಿರುಗಿಸಿ ಶ್ವೇತಸರೋವರ, ಧವಲಸರೋವರ ಎಂದು ಬರೆದರು. ಪಟ್ಟದಕಲ್ಲಿನ ಹಳೆಯ ಹೆಸರು ಕಿಸುವೊಳಲ್. ಹಳಗನ್ನಡದಲ್ಲಿ ಕಿಸು ಎಂದರೆ ಕೆಂಪು, ಪೊಳಲ್ ಎಂದರೆ ಪಟ್ಟಣ. ಅದು ಸಂಸ್ಕೃತದಲ್ಲಿ ರಕ್ತಪುರವಾಯಿತು. ಬಿಳಿಗಿರಿಯನ್ನು ಶ್ವೇತಾದ್ರಿ ಎಂದು ಕರೆಯುವ ರೂಢಿ ಇಂದಿಗೂ ಇದೆ.

ಕವಿಗಳಂತೂ ಛಂದಸ್ಸಿಗೆ ಹೊಂದಲೆಂದು ವ್ಯಕ್ತಿಗಳ ಹೆಸರನ್ನೇ ತಿರುಗಿಸುತ್ತಿದ್ದರು. ಪಂಕ್ತಿ ಎಂಬುದಕ್ಕೆ ಹತ್ತು ಎಂಬ ಅರ್ಥವೂ ಇರುವುದರಿಂದ ಕಾಳಿದಾಸ ಒಂದೆಡೆ ದಶರಥನನ್ನು ‘ಪಂಕ್ತಿರಥ’ ಎಂದಿದ್ದಾನೆ. ಕಥೆ ಗೊತ್ತಿರುವ ಕೇಳುಗನಿಗೆ ಅಲ್ಲಿ ಗೊಂದಲವಿಲ್ಲ. ಅಯೋಧ್ಯೆಯ ಆ ಅರಸ ಯಾರೆಂಬುದು ಎಲ್ಲರಿಗೂ ಗೊತ್ತು. ಗುರುತು ಬೇರೆ ದಾರಿಯಿಂದ ಭದ್ರವಾಗಿರುವಾಗ ಮಾತ್ರ ಹೆಸರಿನೊಡನೆ ಹೀಗೆ ಆಡಬಹುದು. ಅರ್ಜುನನ ಫಲ್ಗುಣ, ಕಿರೀಟಿ, ಸವ್ಯಸಾಚಿ ಮೊದಲಾದ ಹತ್ತು ಹೆಸರುಗಳ ಕಥೆ ಬೇರೆ. ಅವು ಒಂದರ ಅರ್ಥವನ್ನು ಇನ್ನೊಂದು ಹೇಳುವ ಪದಗಳಲ್ಲ, ಪ್ರತಿಯೊಂದಕ್ಕೂ ತನ್ನದೇ ಕಾರಣವಿದೆ; ಆದ್ದರಿಂದ ಅವು ಸಮಾನಾರ್ಥಕಗಳಾಗದೆ ಒಬ್ಬನ ಹಲವು ಹೆಸರುಗಳಾಗಿವೆ.

ಇದೇ ವ್ಯತ್ಯಾಸ ಊರಿನ ಹೆಸರುಗಳಲ್ಲಿಯೂ ಇದೆ. ಮಂಗಳೂರನ್ನು ತುಳುವಿನಲ್ಲಿ ಕುಡ್ಲ ಎಂದೂ ಕೊಂಕಣಿಯಲ್ಲಿ ಕೊಡಿಯಾಲ್ ಎಂದೂ ಕರೆಯುತ್ತಾರೆ. ಒಂದು ಇನ್ನೊಂದರ ಅನುವಾದವಲ್ಲ. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರನ್ನು ಅಧಿಕೃತವಾಗಿ ತಿದ್ದಿದಾಗ ಗುಲ್ಬರ್ಗಾ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು. ಆದರೆ ಗುಲ್ಬರ್ಗಾ ವಿಶ್ವವಿದ್ಯಾಲಯ ಆ ಹೆಸರಿನಲ್ಲಿಯೇ ಉಳಿಯಿತು. ಹಳೆಯ ಬರಹದಲ್ಲಿ ಹುಡುಕಿ ಬದಲಿಸುವವರು ಎಡವುವುದು ಇಂಥಲ್ಲಿ. 1956ರ ನವೆಂಬರ್ 1ರಂದು ಏಕೀಕರಣಗೊಂಡದ್ದು ಮೈಸೂರು ರಾಜ್ಯ. ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ನಡುವಿನ ಹದಿನೇಳು ವರ್ಷಗಳ ಸರ್ಕಾರಿ ಆದೇಶವೊಂದನ್ನು ಉಲ್ಲೇಖಿಸುವಾಗ ರಾಜ್ಯದ ಹೆಸರನ್ನು ತಿದ್ದಿದರೆ ಆ ಆದೇಶದ ಮಾತೇ ತಿರುಚಿದಂತಾಗುತ್ತದೆ.

ದೊಡ್ಡಕ್ಷರವಿಲ್ಲದ ಲಿಪಿಯಲ್ಲಿ ಹೆಸರಿನ ಗುರುತು

ಇಂಗ್ಲಿಷಿನಲ್ಲಿ ಅಂಕಿತನಾಮದ ಮೊದಲ ಅಕ್ಷರವನ್ನು ದೊಡ್ಡದಾಗಿ ಬರೆಯುವುದರಿಂದ ಅದು ಹೆಸರೆಂದು ಬಹುಪಾಲು ಕಣ್ಣಿಗೇ ತಿಳಿಯುತ್ತದೆ. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವಿಲ್ಲ. ಹಾಗಾದರೆ ಕನ್ನಡಿಗರು ಹೆಸರನ್ನು ಹೇಗೆ ಗುರುತಿಸುತ್ತಾರೆ? ಬಹಳ ಸಲ ಪದದ ತಲೆಯನ್ನು ನೋಡಿ ಅಲ್ಲ, ಬಾಲವನ್ನು ನೋಡಿ.

ಆನಂದ ಎಂಬ ಮನುಷ್ಯನಾದರೆ ‘ಆನಂದನಿಗೆ’, ‘ಆನಂದನನ್ನು’. ಆನಂದ ಎಂಬ ಭಾವವಾದರೆ ‘ಆನಂದಕ್ಕೆ’, ‘ಆನಂದವನ್ನು’. ಕಮಲ ಎಂಬ ಹುಡುಗಿಯಾದರೆ ‘ಕಮಲಳಿಗೆ’, ಹೂವಾದರೆ ‘ಕಮಲಕ್ಕೆ’. ಅಂದರೆ ಇಂಗ್ಲಿಷ್ ತನ್ನ ಲಿಪಿಯಿಂದ ಮಾಡಿಸುವ ಕೆಲಸವನ್ನು ಕನ್ನಡ ತನ್ನ ಲಿಂಗ ಮತ್ತು ವಿಭಕ್ತಿಗಳಿಂದ ಮಾಡಿಸುತ್ತದೆ. ಮೊದಲ ವಾಕ್ಯದಲ್ಲಿ ಯಾವ ಪದವನ್ನು ಬಿಡಬೇಕು, ಯಾವುದನ್ನು ಬದಲಿಸಬೇಕು ಎಂಬುದನ್ನು ‘ನಿಗೆ’ ಎಂಬ ಎರಡಕ್ಷರ ಆಗಲೇ ಹೇಳಿಬಿಟ್ಟಿತ್ತು. ಈಚಿನ ಬರವಣಿಗೆಯಲ್ಲಿ ಆನಂದ್, ಸಂತೋಷ್, ಪ್ರಕಾಶ್ ಎಂದು ವ್ಯಂಜನದಲ್ಲಿ ನಿಲ್ಲಿಸುವ ಪದ್ಧತಿಯೂ ಒಂದು ಸುಳಿವೇ; ಸಂತೋಷ ಭಾವವಾಗಿರಬಹುದು, ಸಂತೋಷ್ ಮಾತ್ರ ಯಾರದೋ ಹೆಸರು.

ಇಕಾರದಲ್ಲಿ ಕೊನೆಯಾಗುವ ಪದಗಳಲ್ಲಿ ಈ ಸುಳಿವು ಕೈಕೊಡುತ್ತದೆ. ರವಿ ಹುಡುಗನಾದರೂ ಸೂರ್ಯನಾದರೂ ‘ರವಿಗೆ’, ‘ರವಿಯನ್ನು’. ಜ್ಯೋತಿ, ಶಾಂತಿ, ಕೀರ್ತಿಗಳೂ ಹಾಗೆಯೇ. ಆಗ ಕ್ರಿಯಾಪದದ ಕಡೆಗೆ ತಿರುಗಬೇಕಾಗುತ್ತದೆ: “ಮನೆಗೆ ಶಾಂತಿ ಬಂದಳು” ಎಂದರೆ ಅತಿಥಿ, “ಮನೆಗೆ ಶಾಂತಿ ಬಂತು” ಎಂದರೆ ನೆಮ್ಮದಿ. “ಎಲ್ಲರೂ ಶಾಂತಿಗಾಗಿ ಕಾದರು” ಎಂಬಲ್ಲಿ ಕ್ರಿಯಾಪದವೂ ನೆರವಿಗೆ ಬರುವುದಿಲ್ಲ. ಕಾದವರು ಎಲ್ಲಿದ್ದರು, ಬಸ್ ನಿಲ್ದಾಣದಲ್ಲೋ ಗಡಿಯಲ್ಲೋ, ಎಂಬುದನ್ನು ಹಿಂದಿನ ವಾಕ್ಯವೇ ಹೇಳಬೇಕು.

ಎಲ್ಲಿಂದ ಎಲ್ಲಿಯವರೆಗೆ ಹೆಸರು

ಹೆಸರು ಒಂದೇ ಪದವಾಗಿರಬೇಕೆಂದಿಲ್ಲ. ನಂಜನಗೂಡು ಊರಿನ ಹೆಸರು, ರಸಬಾಳೆ ಹಣ್ಣು. ಆದರೆ ‘ನಂಜನಗೂಡು ರಸಬಾಳೆ’ ಎಂಬ ಇಡೀ ಪದಪುಂಜ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಪಡೆದ ಒಂದು ಬಾಳೆಯ ಹೆಸರು. ಊರನ್ನು ಉಳಿಸಿ ಬಾಳೆಯನ್ನು ಕದಳಿ ಮಾಡಿದರೆ ಅರ್ಧ ಹೆಸರು ಉಳಿದಂತಾಯಿತು. ಕನ್ನಡ ಸಾಹಿತ್ಯ ಪರಿಷತ್ತು ಎಂಬ ಮೂರು ಪದಗಳೂ ನಿಘಂಟಿನಲ್ಲಿ ಸಿಗುವ ಸಾಮಾನ್ಯ ಪದಗಳೇ, ಆದರೆ 1915ರಲ್ಲಿ ಹುಟ್ಟಿದ ಆ ಸಂಸ್ಥೆಯನ್ನು ‘ಕನ್ನಡ ವಾಙ್ಮಯ ಸಭೆ’ ಎಂದರೆ ಯಾರಿಗೂ ಗುರುತು ಸಿಗದು.

ಸಭೆ ಮತ್ತು ಪರಿಷತ್ತು ನಿಘಂಟಿನಲ್ಲಿ ಅಕ್ಕಪಕ್ಕದ ಪದಗಳು. ವಿಧಾನಸೌಧದೊಳಗೆ ಅವು ಬೇರೆ ಬೇರೆ ಸಭಾಂಗಣಗಳು: ಜನರು ನೇರವಾಗಿ ಆರಿಸುವ 224 ಸದಸ್ಯರ ವಿಧಾನಸಭೆ ಒಂದು, 75 ಸದಸ್ಯರ ವಿಧಾನ ಪರಿಷತ್ತು ಇನ್ನೊಂದು. ಒಂದು ಪದದ ಜಾಗದಲ್ಲಿ ಇನ್ನೊಂದು ಬಿದ್ದರೆ ಸುದ್ದಿಯೇ ಸುಳ್ಳಾಗುತ್ತದೆ.

ಅಂಕಿತನಾಮಗಳಲ್ಲದಿದ್ದರೂ ಹೆಸರಿನಂತೆಯೇ ನಡೆದುಕೊಳ್ಳುವ ಪದಗಳಿವೆ. ಪಾರಿಭಾಷಿಕ ಪದಗಳೆಂದು ಅವನ್ನು ಕರೆಯುತ್ತಾರೆ. ಆಡುಮಾತಿನಲ್ಲಿ ಹತ್ಯೆಯೂ ಕೊಲೆಯೂ ಒಂದೇ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ದಂಡನೀಯ ನರಹತ್ಯೆಯನ್ನು 100ನೇ ಕಲಂ, ಕೊಲೆಯನ್ನು 101ನೇ ಕಲಂ ವಿವರಿಸುತ್ತವೆ. ಎರಡರ ಶಿಕ್ಷೆಯೂ ಬೇರೆ. ಅಂದಹಾಗೆ, ಹೋಲಿಕೆಯ ಅಂಕಿಗೆ ಹೆದರಿ ಇಂಥ ಪದಗಳನ್ನು ತಿರುಚುವವರು ಗಮನಿಸಬಹುದಾದ ಸಂಗತಿಯೊಂದಿದೆ: ಸಾಮಾನ್ಯ ಪಾರಿಭಾಷಿಕ ಪದಗಳು, ಕಾನೂನುಗಳು, ಪ್ರಮಾಣಿತ ಸಮೀಕರಣಗಳು, ಸೂಕ್ತ ಆಧಾರದೊಂದಿಗೆ ಉದ್ಧರಿಸಿದ ಮಾತುಗಳು ಇವನ್ನು ಹೋಲಿಕೆಯ ಲೆಕ್ಕದಿಂದ ಹೊರಗಿಡಬೇಕೆಂದು 2018ರ ಆ ನಿಯಮಗಳೇ ಹೇಳುತ್ತವೆ.

ಪಾರಿಭಾಷಿಕ ಪದಗಳನ್ನು ಕುರುಡಾಗಿ ಬದಲಿಸಿದರೆ ಏನಾಗುತ್ತದೆ ಎಂಬುದನ್ನು ಗಿಯೋಮ್ ಕಬಾನಾಕ್, ಸಿರಿಲ್ ಲಾಬೆ ಮತ್ತು ಅಲೆಕ್ಸಾಂಡರ್ ಮಗಾಜಿನೋವ್ ಎಂಬ ಮೂವರು ಸಂಶೋಧಕರು 2021ರಲ್ಲಿ ಜಗತ್ತಿಗೆ ತೋರಿಸಿಕೊಟ್ಟರು. ಪ್ರಕಟವಾದ ಇಂಗ್ಲಿಷ್ ವಿಜ್ಞಾನ ಲೇಖನಗಳಲ್ಲಿ ಕೃತಕ ಬುದ್ಧಿಮತ್ತೆಯು ‘ನಕಲಿ ಪ್ರಜ್ಞೆ’ಯಾಗಿತ್ತು, ಸ್ತನ ಕ್ಯಾನ್ಸರ್ ‘ಎದೆಯ ಗಂಡಾಂತರ’ ಎಂಬ ಅರ್ಥದ ಪದಗಳಾಗಿತ್ತು. ಹದಿನೆಂಟನೆಯ ಶತಮಾನದ ಗಣಿತಜ್ಞ ಥಾಮಸ್ ಬೇಯ್ಸ್ ಹೆಸರಿನಲ್ಲಿರುವ ‘ನೈವ್ ಬೇಯ್ಸ್’ ಎಂಬ ಲೆಕ್ಕಾಚಾರದ ವಿಧಾನ ‘ಮುಗ್ಧ ಬೇಯ್ಸ್’ ಎಂಬಂಥ ವೇಷ ತೊಟ್ಟಿತ್ತು. ಇಲ್ಲಿ ತಂತ್ರಾಂಶ ಅಂಕಿತನಾಮವನ್ನು ಮುಟ್ಟಿಲ್ಲ, ಹೇಳಿದಂತೆಯೇ ಕೇಳಿದೆ. ಆದರೂ ಹೆಸರು ಕೆಟ್ಟಿತು, ಏಕೆಂದರೆ ಹೆಸರು ಬೇಯ್ಸ್ ಎಂಬಲ್ಲಿಂದ ಶುರುವಾಗದೆ ಒಂದು ಪದ ಮುಂಚೆಯೇ ಶುರುವಾಗಿತ್ತು. ಹೀಗೆ ಚಿತ್ರಹಿಂಸೆಗೊಳಗಾದ ಪದಗುಚ್ಛಗಳಿಗೆ ಸಂಶೋಧಕರು ಇಟ್ಟ ಹೆಸರು ‘ಟಾರ್ಚರ್ಡ್ ಫ್ರೇಸಸ್’. ಅವು ಈಗ ನಕಲು ಹಿಡಿಯುವವರಿಗೆ ಸಿಗುವ ಹೆಜ್ಜೆಗುರುತುಗಳಾಗಿವೆ.

ಬದಲಿಸಬಹುದಾದ ಪದಗಳ ಬಿಗಿ

ಹೆಸರುಗಳನ್ನೆಲ್ಲ ಬದಿಗಿಟ್ಟ ಮೇಲೆ ಉಳಿದ ಪದಗಳನ್ನು ಮನಬಂದಂತೆ ಬದಲಿಸಬಹುದೇ ಎಂದರೆ ಅದೂ ಇಲ್ಲ. ಅಮರಸಿಂಹನ ಸಂಸ್ಕೃತ ನಿಘಂಟಾದ ಅಮರಕೋಶಕ್ಕೆ ‘ನಾಮಲಿಂಗಾನುಶಾಸನ’ ಎಂಬ ಹೆಸರಿರುವುದು ಸುಮ್ಮನೆ ಅಲ್ಲ. ಪದದ ಜೊತೆಗೆ ಅದರ ಲಿಂಗವನ್ನೂ ತಿಳಿದಿರಬೇಕು. “ಸೂರ್ಯ ಮುಳುಗಿದನು” ಎಂಬುದನ್ನು ನೇಸರಿಗೆ ಬದಲಿಸಿದರೆ “ನೇಸರು ಮುಳುಗಿತು” ಎಂದು ಕ್ರಿಯಾಪದವೂ ಬದಲಾಗಬೇಕು. ‘ನೀರಿಗೆ’ ಎಂಬುದು ‘ಜಲಕ್ಕೆ’ ಆಗಬೇಕು, ‘ಜಲಿಗೆ’ ಆಗಬಾರದು.

ಸಮಾಸದೊಳಗೆ ಕೈಹಾಕಿದರೆ ಇನ್ನೂ ತೊಡಕು. ಸೂರ್ಯೋದಯದ ಸೂರ್ಯನನ್ನು ಕಿತ್ತು ನೇಸರನ್ನು ಕೂರಿಸಿದರೆ ‘ನೇಸರೋದಯ’ ಎಂಬ ಅರಿಸಮಾಸ ಹುಟ್ಟುತ್ತದೆ. ಸಂಸ್ಕೃತ ಪದವನ್ನೂ ಕನ್ನಡ ಪದವನ್ನೂ ಹೀಗೆ ಬೆಸೆಯುವುದನ್ನು ವೈಯಾಕರಣರು ದೋಷವೆನ್ನುತ್ತಾರೆ. ಮಳೆಗಾಲದಂಥ ಕೆಲವು ಬೆಸುಗೆಗಳು ಬಳಕೆಯಿಂದ ಗಟ್ಟಿಯಾಗಿವೆ, ಅದು ಬೇರೆ ಮಾತು. ಎಲ್ಲಕ್ಕಿಂತ ಅಪಾಯಕಾರಿಯಾದವು ನುಡಿಗಟ್ಟುಗಳು. ಹೊಟ್ಟೆ ಎಂದರೆ ಜಠರ, ಕಿಚ್ಚು ಎಂದರೆ ಅಗ್ನಿ. ಆದರೆ ಪಕ್ಕದ ಮನೆಯವರು ಕಾರು ಕೊಂಡಾಗ ಹುಟ್ಟುವುದು ಹೊಟ್ಟೆಕಿಚ್ಚು; ಉಂಡದ್ದನ್ನು ಅರಗಿಸುವುದು ಜಠರಾಗ್ನಿ.

ಯಂತ್ರ ಮಾಡುವ ಕೆಲಸ

ಗೋಡೆಗೆ ಬಣ್ಣ ಬಳಿಯುವವರು ಮೊದಲು ಸ್ವಿಚ್‌ಬೋರ್ಡುಗಳ ಮೇಲೆ ಕಾಗದ ಅಂಟಿಸಿ, ಬಣ್ಣ ಒಣಗಿದ ಮೇಲೆ ಅದನ್ನು ಕಿತ್ತುಹಾಕುತ್ತಾರೆ. ಒಂದು ಬಗೆಯ ತಂತ್ರಾಂಶಗಳ ಉಪಾಯವೂ ಅದೇ: ವಾಕ್ಯದಲ್ಲಿನ ಹೆಸರುಗಳನ್ನು ಹುಡುಕಿ, ಅವುಗಳ ಜಾಗದಲ್ಲಿ ತಾತ್ಕಾಲಿಕ ಗುರುತುಗಳನ್ನು ಇಟ್ಟು, ಉಳಿದ ಪದಗಳನ್ನು ಬದಲಿಸಿ, ಕೊನೆಗೆ ಹೆಸರುಗಳನ್ನು ಮರಳಿ ಕೂರಿಸುವುದು. ಕನ್ನಡದಲ್ಲಿ ಹೆಸರಿಗೆ ಪ್ರತ್ಯಯ ಅಂಟಿಕೊಂಡಿರುವುದರಿಂದ ಕಾಗದದ ಅಂಚು ಎಲ್ಲಿಗೆ ನಿಲ್ಲಬೇಕೆಂಬುದೇ ಸಮಸ್ಯೆ. ‘ಮೈಸೂರಿನಿಂದ’ ಎಂಬಲ್ಲಿ ಮೈಸೂರು ಎಂಬ ಪದ ಪೂರ್ತಿಯಾಗಿ ಕಾಣುವುದೇ ಇಲ್ಲ, ಕೊನೆಯ ಉಕಾರ ಕರಗಿಹೋಗಿದೆ.

ಹೆಸರು ಹುಡುಕುವುದನ್ನು ಯಂತ್ರಕ್ಕೆ ಕಲಿಸಲು ಹೆಸರುಗಳನ್ನು ಗುರುತುಮಾಡಿದ ಲಕ್ಷಾಂತರ ವಾಕ್ಯಗಳು ಬೇಕು. ಐಐಟಿ ಮದ್ರಾಸಿನ ಎಐ4ಭಾರತ್ ತಂಡ ಸಿದ್ಧಪಡಿಸಿದ ‘ನಾಮಪದಂ’ ಎಂಬ ಸಂಗ್ರಹದಲ್ಲಿ ಕನ್ನಡವೂ ಸೇರಿದಂತೆ 11 ಭಾರತೀಯ ಭಾಷೆಗಳಲ್ಲಿ ವ್ಯಕ್ತಿ, ಸ್ಥಳ, ಸಂಸ್ಥೆ ಎಂಬ ಮೂರು ಬಗೆಯ ಹೆಸರುಗಳನ್ನು ಗುರುತಿಸಲಾಗಿದೆ. ಇಂಗ್ಲಿಷ್ ವಾಕ್ಯದಲ್ಲಿ ಗುರುತಿಸಿದ ಹೆಸರನ್ನು ಅದರ ಭಾರತೀಯ ಭಾಷೆಯ ಜೋಡಿ ವಾಕ್ಯಕ್ಕೆ ವರ್ಗಾಯಿಸಿ ಈ ಸಂಗ್ರಹವನ್ನು ಕಟ್ಟಿದ್ದಾರೆ. ನಮ್ಮ ಲಿಪಿಯಲ್ಲಿಲ್ಲದ ದೊಡ್ಡಕ್ಷರ ಹೀಗೆ ಬಳಸುದಾರಿಯಿಂದ ನಮ್ಮ ನೆರವಿಗೆ ಬಂದಂತಾಯಿತು.

ಹೆಸರು ಅಕ್ಷರಶಃ ಉಳಿದರೂ ಅನರ್ಥ ತಪ್ಪದು ಎಂಬುದಕ್ಕೆ 2025ರ ಜುಲೈನಲ್ಲಿ ನಡೆದದ್ದು ಸಾಕ್ಷಿ. ನಟಿ ಬಿ. ಸರೋಜಾದೇವಿ ಅವರ ಪಾರ್ಥಿವ ಶರೀರಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಅಂತಿಮ ಗೌರವ ಸಲ್ಲಿಸಿದರೆಂದು ತಿಳಿಸುವ ಕನ್ನಡ ಸಂದೇಶವನ್ನು ಮೆಟಾ ಸಂಸ್ಥೆಯ ಸ್ವಯಂಚಾಲಿತ ಅನುವಾದವು ಮುಖ್ಯಮಂತ್ರಿಯವರೇ ತೀರಿಕೊಂಡರು ಎಂಬಂತೆ ಇಂಗ್ಲಿಷಿಗೆ ತಂದಿತು. ಸಂಸ್ಥೆ ಬಳಿಕ ಕ್ಷಮೆ ಯಾಚಿಸಿತು. ಎರಡೂ ಹೆಸರುಗಳು ಅಲ್ಲಿದ್ದವು. ಯಾವ ಹೆಸರು ಯಾವ ಕ್ರಿಯೆಗೆ ಸೇರಿದ್ದು ಎಂಬ ನಂಟು ಮಾತ್ರ ತಪ್ಪಿತ್ತು.

ಸಾಗರಕ್ಕೆ ಹೋದವರು

ಮನುಷ್ಯರ ಹೆಸರಿಗೆ ‘ನಿಗೆ’, ‘ಳಿಗೆ’ಗಳ ಕಾವಲಿದೆ. ಊರುಗಳು ನಪುಂಸಕಲಿಂಗದವು, ಅವಕ್ಕೆ ಆ ಕಾವಲಿಲ್ಲ. ಶಿವಮೊಗ್ಗ ಜಿಲ್ಲೆಯಲ್ಲಿ ಸಾಗರ ಎಂಬ ಪಟ್ಟಣವಿದೆ. ಊರಾದರೂ ಕಡಲಾದರೂ ‘ಸಾಗರಕ್ಕೆ’, ‘ಸಾಗರದಲ್ಲಿ’, ‘ಸಾಗರದಿಂದ’. “ಕಳೆದ ವಾರ ಸಾಗರಕ್ಕೆ ಹೋಗಿದ್ದೆವು” ಎಂಬ ವಾಕ್ಯವೊಂದನ್ನೇ ಮುಂದಿಟ್ಟರೆ ಅದನ್ನು “ಸಮುದ್ರಕ್ಕೆ ಹೋಗಿದ್ದೆವು” ಎಂದು ಬದಲಿಸುವುದು ಸರಿಯೋ ತಪ್ಪೋ ಎಂದು ಯಂತ್ರವಿರಲಿ, ವ್ಯಾಕರಣ ಬಲ್ಲ ಪಂಡಿತರೂ ಹೇಳಲಾರರು. ಮುಂದಿನ ವಾಕ್ಯ ಬರುವತನಕ ಕಾಯಬೇಕು: “ಅಲ್ಲಿಂದ ಜೋಗ ಮೂವತ್ತೇ ಕಿಲೋಮೀಟರು, ಅದನ್ನೂ ನೋಡಿಕೊಂಡು ಬಂದೆವು.”